ಕಿವಿಯಕ್ಕ ಮತ್ತು ಹಳದಿ ಟೇಪು

ಅವಳಿಗೆ ಕಿವಿಯಕ್ಕ ಎಂಬ ಹೆಸರು ಬಿದ್ದದ್ದು ಮದುವೆಯಾದ ಎರಡನೆಯ ವರ್ಷದಲ್ಲಿ. ಗಂಡನೂ ಮೈದುನನೂ ಸೇರಿ, ಬೆಳೆಗಳಿಗೆ ಗೊಬ್ಬರ, ಔಷಧಿ ಎರಚುವ ಪುಟ್ಟ ಹಳದಿ ವಿಮಾನವೊಂದನ್ನು ಕೊಂಡು ತಂದಿದ್ದರು. ಯಾರೋ ಬಳಸಿ ಬಿಟ್ಟ ಮಾಲು. ಅದು ಬಂದ ಗಳಿಗೆಯಿಂದಲೇ ಮುನಿಸಿಕೊಂಡ ಅಳಿಯನ ಹಾಗೆ ಆಡುತ್ತಿತ್ತು. ಹೊರಟರೆ ಹೊರಟಿತು, ಇಲ್ಲದಿದ್ದರೆ ಎಷ್ಟು ಬೇಡಿದರೂ ಇಲ್ಲ. ದೂರದಿಂದ ಒಬ್ಬ ಮೆಕ್ಯಾನಿಕ್ ಬಂದು ಎರಡು ದಿನ ಎಂಜಿನ್ನಿನ ಹೊಟ್ಟೆ ಬಗೆದ. ಮೂರನೆಯ ದಿನ ಅದನ್ನು ಓಡಿಸಿ ನೋಡಿ, "ಏನೂ ತೊಂದರೆ ಇಲ್ಲ" ಎಂದು ಕೈ ಒರೆಸಿಕೊಂಡ. ಪಕ್ಕದಲ್ಲೇ ಬಟ್ಟೆ ಒಣಹಾಕುತ್ತಿದ್ದ ಮನೆಯ ಈ ಸೊಸೆ ಬಾಯಲ್ಲಿ ಕಚ್ಚಿಕೊಂಡಿದ್ದ ಕ್ಲಿಪ್ಪು ತೆಗೆದು, "ಐದನೇದು ಕೆಮ್ತಾ ಇದೆಯಲ್ಲ?" ಎಂದಳು.

ಮೆಕ್ಯಾನಿಕ್ ನಕ್ಕ. ಒಂಬತ್ತು ಸಿಲಿಂಡರುಗಳಲ್ಲಿ ಐದನೆಯದನ್ನು ಬಿಚ್ಚಿ ನೋಡಿದ ಮೇಲೆ ನಗುವುದನ್ನು ಬಿಟ್ಟ. ವಾಲ್ವಿನ ಸ್ಪ್ರಿಂಗು ಕೂದಲೆಳೆಯಷ್ಟು ಸೀಳಿತ್ತು.

ಇದರಲ್ಲಿ ಪವಾಡವೇನೂ ಇರಲಿಲ್ಲ. ಅವಳ ಅಪ್ಪ ಹೊಲಿಗೆ ಯಂತ್ರ ರಿಪೇರಿ ಮಾಡುವವರು. ಮಗಳು ತೊಡೆಯ ಮೇಲೆ ಕೂರುವಷ್ಟು ಚಿಕ್ಕವಳಿದ್ದಾಗಿನಿಂದ ಅವಳ ಕಣ್ಣು ಮುಚ್ಚಿಸಿ, ಚಕ್ರ ತಿರುಗಿಸಿ, "ಎಲ್ಲಿ ನೋಯ್ತಿದೆ ಹೇಳು" ಎಂದು ಕೇಳುತ್ತಿದ್ದರು. ಹಾಗೆ ಬೆಳೆದ ಕಿವಿ ಅದು. ಐದನೆಯ ಸಿಲಿಂಡರು ಕೆಮ್ಮಿದ ಆ ಬೇಸಗೆಯಲ್ಲೇ ಅವಳು ಪುಸ್ತಕ ಹಿಡಿದಳು. ನಾಲ್ಕು ವರ್ಷ ಒದ್ದಾಡಿ, ಒಮ್ಮೆ ನಪಾಸಾಗಿ, ಕೊನೆಗೆ ವಿಮಾನದ ಎಂಜಿನ್ ನೋಡಿಕೊಳ್ಳುವ ಲೈಸೆನ್ಸ್ ಪಡೆದಳು. ಅದಕ್ಕೆ ಕಟ್ಟು ಹಾಕಿಸಿ ಅಡುಗೆಮನೆಯ ಗಡಿಯಾರದ ಪಕ್ಕ ತೂಗುಹಾಕಿದ್ದು ಅತ್ತೆ. ಅತ್ತೆಗೆ ಒಂದು ಕಿವಿ ಪೂರ್ತಿ ಮಂದ, ಇನ್ನೊಂದು ಯಂತ್ರ ಹಾಕಿಕೊಂಡರೆ ಮಾತ್ರ ಚುರುಕು. "ಬಂದ ಸೊಸೆ ಅತ್ತೆ ಪಾಲಿನ ಕಿವೀನೂ ಕಿತ್ಕೊಂಡ್ಲು" ಎಂದು ಊರವರು ತಮಾಷೆ ಮಾಡುತ್ತಿದ್ದರು. ಅತ್ತೆಗೆ ಅದು ಕೇಳಿಸುತ್ತಿರಲಿಲ್ಲ, ಕೇಳಿಸಿದಾಗ ಅವರೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು.

ಹೀಗೆ ಇಪ್ಪತ್ತು ವರ್ಷ ಕಳೆದವು. ಊರಾಚೆ ವಿಮಾನ ಓಡುವ ಹುಲ್ಲಿನ ಪಟ್ಟಿ, ಅದರ ತುದಿಯಲ್ಲೊಂದು ತಗಡಿನ ಶೆಡ್ಡು, ಶೆಡ್ಡಿಗೆ ಬೆನ್ನು ಕೊಟ್ಟು ನಿಂತ ಮನೆ. ಗಂಡ ಗೊಬ್ಬರ ಕಲಸಿ ವಿಮಾನದ ಹೊಟ್ಟೆಗೆ ತುಂಬುತ್ತಿದ್ದ. ಒಳ್ಳೆಯ ಕೆಲಸಗಾರ, ಮಾತಿಗೆ ಮಾತ್ರ ಬರಗಾಲ. ಬೆಳಗ್ಗೆ "ಹೂಂ" ಅಂದರೆ ಸಂಜೆಯವರೆಗೆ ಅದೇ ಸಾಕು. ಅವನು ಉಳಿಸಿದ ಮಾತನ್ನೆಲ್ಲ ಅವನ ತಮ್ಮ ಖರ್ಚು ಮಾಡುತ್ತಿದ್ದ. ಮೈದುನ ವಿಮಾನ ಹಾರಿಸುವವನು, ಮದುವೆಯಾಗಿರಲಿಲ್ಲ, ನೆಲದ ಮೇಲಿದ್ದಷ್ಟು ಹೊತ್ತೂ ಬಾಯಿ ಮುಚ್ಚುತ್ತಿರಲಿಲ್ಲ. ವಿಮಾನದಲ್ಲಿ ಇದ್ದದ್ದು ಒಂದೇ ಸೀಟು. "ಪಾಪ, ಅಲ್ಲಿ ಕೇಳೋರಿಲ್ಲ, ಅದಕ್ಕೇ ಬೇಗ ಇಳೀತಾನೆ" ಎನ್ನುತ್ತಿದ್ದಳು ಕಿವಿಯಕ್ಕ.

ಆಮೇಲೆ ಒಂದು ದಿನ ಆ ಘಟನೆ ನಡೆಯಿತು. ಅದರ ಹಿಂದಿನ ಸಂಜೆ ಅವಳು ವಿಮಾನ ತೊಳೆದಳು. ಗೊಬ್ಬರ ಎರಚಿ ಬಂದ ವಿಮಾನವನ್ನು ತೊಳೆಯದೆ ಬಿಟ್ಟರೆ ತುಕ್ಕು ತಿನ್ನುತ್ತದೆ. ತೊಳೆಯುವಾಗ ನೀರು ಒಳಗೆ ನುಗ್ಗಬಾರದೆಂದು ಮೂರು ಬಾಯಿಗಳಿಗೆ ಟೇಪು ಅಂಟಿಸುವುದು ವಾಡಿಕೆ. ಒಂದು, ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿ. ಇನ್ನೊಂದು, ವೇಗ ಅಳೆಯುವ ಕೊಳವೆ. ಮೂರನೆಯದು ರೆಕ್ಕೆಯ ಅಡಿಯಲ್ಲಿ, ಪೆಟ್ರೋಲ್ ಟ್ಯಾಂಕಿನ ಉಸಿರುಕೊಳವೆ, ಬೆರಳು ಗಾತ್ರದ್ದು. ಟ್ಯಾಂಕಿನಿಂದ ಪೆಟ್ರೋಲ್ ಇಳಿದಷ್ಟೂ ಆ ಕೊಳವೆಯಿಂದ ಗಾಳಿ ಒಳಗೆ ಹೋಗಬೇಕು. ಹೋಗದಿದ್ದರೆ, ಬಾಟಲಿಯನ್ನು ತುಟಿಗೆ ಬಿಗಿಯಾಗಿ ಒತ್ತಿಕೊಂಡು ಹೀರಿದ ಹಾಗೆ, ಸ್ವಲ್ಪ ಹೊತ್ತು ಬರುತ್ತದೆ, ಆಮೇಲೆ ಎಷ್ಟು ಹೀರಿದರೂ ಬರುವುದಿಲ್ಲ. ಯಾವಾಗಲೂ ಅಂಟಿಸುತ್ತಿದ್ದದ್ದು ಕಣ್ಣಿಗೆ ಹೊಡೆಯುವ ಕೆಂಪು ಟೇಪು. ಅಂದು ಕೆಂಪು ಮುಗಿದಿತ್ತು. ಡ್ರಾಯರಿನಲ್ಲಿ ಹಳದಿ ಇತ್ತು. ವಿಮಾನವೂ ಹಳದಿ.

ಬೆಳಗ್ಗೆ ಅವಳು ಟೇಪು ಕೀಳಲು ಹೋದಳು. ಒಂದು ಕಿತ್ತಳು, ಎರಡು ಕಿತ್ತಳು. ಅಷ್ಟರಲ್ಲಿ ಮನೆಯ ಬಾಗಿಲಿನಿಂದ ಅತ್ತೆಯ ಕೂಗು ಬಂತು.

"ಏನೇ! ಇದು ಸತ್ತೋಯ್ತು ಕಣೇ! ಹೊಸ ಬ್ಯಾಟರಿ ಹಾಕ್ಕೊಡು ಬಾ!"

"ಬಂದೆ ಅತ್ತೆ, ಎರಡು ನಿಮಿಷ!"

"ಆಂ?"

ಕೇಳದವರಿಗೆ ಎರಡು ನಿಮಿಷ ಎಂದು ಹೇಳಿ ಏನು ಪ್ರಯೋಜನ? ಕಿವಿಯಕ್ಕ ಹೋದಳು. ಕಡಲೆಕಾಳಿನಷ್ಟು ಬ್ಯಾಟರಿಯನ್ನು ಕಿವಿಯಂತ್ರಕ್ಕೆ ತುರುಕಿ, ಅದು ಉಲ್ಟಾ ಎಂದು ಗೊತ್ತಾಗಿ ತೆಗೆದು, ಮತ್ತೆ ಹಾಕಿ, ಅತ್ತೆಯ ಕಿವಿಗಿಟ್ಟು, "ಕೇಳ್ತಾ?" "ಕೇಳ್ತು, ಕಿರುಚಬೇಡ" ಎನ್ನುವಷ್ಟರಲ್ಲಿ ಶೆಡ್ಡಿನ ಕಡೆ ಎಂಜಿನ್ ಶುರುವಾಗಿತ್ತು. ಶುರುವಾದ ಸದ್ದು ಸೊಗಸಾಗಿತ್ತು. ಒಂಬತ್ತಕ್ಕೆ ಒಂಬತ್ತೂ ಒಂದೇ ಶ್ರುತಿ. ಆ ಸದ್ದಿನಲ್ಲಿ ಮೂರನೆಯ ಟೇಪು ಅವಳ ತಲೆಯಿಂದ ಜಾರಿಹೋಯಿತು.

ಅತ್ತೆ ಸೊಸೆ ಇಬ್ಬರೂ ಅಡುಗೆಮನೆಯ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು. ತುಂಬು ಬಸುರಿಯಂತೆ ಭಾರವಾಗಿ ಓಡಿದ ವಿಮಾನ ಪಟ್ಟಿಯ ಮುಕ್ಕಾಲು ದಾಟಿದ ಮೇಲೆ ನೆಲ ಬಿಟ್ಟಿತು. ಮರಗಳ ಸಾಲಿನ ಎತ್ತರಕ್ಕೆ ಏರಿತು, ಇನ್ನೂ ಸ್ವಲ್ಪ ಏರಿತು. ಆಗ ಕಿವಿಯಕ್ಕನಿಗೆ ಒಂದು ಸದ್ದು ಕೇಳಿಸಿತು. ಗಂಟಲು ಒಣಗಿದವರು ಉಗುಳು ನುಂಗುವ ಹಾಗೆ. ಇನ್ನೊಮ್ಮೆ. ಆಮೇಲೆ ಏನೂ ಇಲ್ಲ.

ಅತ್ತೆ ಕಿವಿಯಂತ್ರವನ್ನು ಬೆರಳಿನಿಂದ ತಟ್ಟಿದರು. "ನೋಡು, ಮತ್ತೆ ನಿಂತೋಯ್ತು! ಎಂಥಾ ಬ್ಯಾಟರಿ ಹಾಕಿದ್ಯೇ?"

"ಬ್ಯಾಟರಿ ಅಲ್ಲ ಅತ್ತೆ" ಎಂದಳು ಕಿವಿಯಕ್ಕ. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ.

ದೂರದಲ್ಲಿ ವಿಮಾನದ ಹೊಟ್ಟೆಯಿಂದ ಬಿಳಿ ಗೊಬ್ಬರವೆಲ್ಲ ಒಂದೇ ಸಲಕ್ಕೆ ಸುರಿಯಿತು. ಭಾರ ಇಳಿಸಿಕೊಂಡ ವಿಮಾನ ಒಮ್ಮೆ ಚಿಮ್ಮಿ, ಮೂಗು ತಗ್ಗಿಸಿ, ಗಾಳಿಪಟದಂತೆ ಸದ್ದಿಲ್ಲದೆ ಮರಗಳ ಹಿಂದೆ ಇಳಿದುಹೋಯಿತು. ಢಮಾರೆಂದು ಕೇಳಿಸುತ್ತದೆಯೇ ಎಂದು ಅವಳು ಉಸಿರು ಹಿಡಿದು ಕಾದಳು. ಇಡೀ ಜನ್ಮದಲ್ಲಿ ಏನೂ ಕೇಳಿಸದಿರಲಿ ಎಂದು ಅವಳು ಬೇಡಿಕೊಂಡದ್ದು ಅದೊಂದೇ ಸಲ. ಕೇಳಿಸಲಿಲ್ಲ.

ಗಂಡ ಆಗಲೇ ಗೊಬ್ಬರದ ಲಾರಿ ತಿರುಗಿಸಿಕೊಂಡು ಬಂದಿದ್ದ. "ಹತ್ತು" ಎಂದ. ಅವಳು ಹತ್ತಿದಳು. ಹಿಂದಿನಿಂದ ಚಪ್ಪಲಿಯಿಲ್ಲದ ಅತ್ತೆಯೂ ಹತ್ತಿದರು. ಇಳಿಯಿರಿ ಎಂದು ಹೇಳಲು ಯಾರಿಗೂ ಪುರುಸೊತ್ತಿರಲಿಲ್ಲ. ಅವಳು ಮನಸ್ಸಿನಲ್ಲಿ ಬೆಳಗ್ಗೆ ಮಾಡಿದ್ದನ್ನೆಲ್ಲ ಒಂದೊಂದಾಗಿ ಎಣಿಸುತ್ತಿದ್ದಳು. ಆಯಿಲ್ ನೋಡಿದೆ. ಫಿಲ್ಟರ್ ನೋಡಿದೆ. ಟೇಪು ಒಂದು, ಎರಡು... ಎರಡರ ಮುಂದೆ ಲೆಕ್ಕ ಹೋಗಲಿಲ್ಲ.

ಮರಗಳಾಚೆ ಇದ್ದದ್ದು ಎಲೆಕೋಸಿನ ಹೊಲ. ಅದರ ನಡುವೆ ನೇರವಾಗಿ ಎರಡು ಗಾಲಿಗೆರೆ, ಗೆರೆಯ ಕೊನೆಯಲ್ಲಿ ವಿಮಾನ. ಮೂಗು ಮಣ್ಣಿಗೆ ತಾಗಿತ್ತು, ಫ್ಯಾನಿನ ಒಂದು ಎಲೆ ಬಾಗಿತ್ತು, ಗಾಲಿಯ ಸಂದಿಯಲ್ಲೊಂದು ಕೋಸು ಸಿಕ್ಕಿಕೊಂಡಿತ್ತು. ಉಳಿದಂತೆ ನಿಲ್ಲಿಸಿ ಹೋದಂತೆಯೇ ಇತ್ತು. ಪಕ್ಕದಲ್ಲಿ ಮಗುಚಿಟ್ಟ ಮರದ ಪೆಟ್ಟಿಗೆಯ ಮೇಲೆ ಮೈದುನ ಕೂತಿದ್ದ. ಹೊಲದೊಡತಿ, ಅಗಲ ಹ್ಯಾಟಿನ ದಪ್ಪ ಹೆಂಗಸು, ಅವನಿಗೆ ಚೊಂಬಿನಲ್ಲಿ ನೀರು ಕುಡಿಸುತ್ತಿದ್ದಳು.

"ಅತ್ತಿಗೆ, ಕೋಸು ತಂದಿದ್ದೀನಿ. ಹೆಚ್ಚೋ ಕೆಲ್ಸಾನೂ ಮುಗಿದಿದೆ" ಎಂದ ಮೈದುನ.

ಕಿವಿಯಕ್ಕ ಅವನ ತಲೆ, ಭುಜ, ಮೊಣಕೈ, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು, ಬಿಚ್ಚಿದ ಎಂಜಿನ್ನಿನ ಭಾಗಗಳು ಎಲ್ಲವೂ ಇವೆಯೇ ಎಂದು ನೋಡುವ ಹಾಗೆ. ಎಲ್ಲವೂ ಇದ್ದವು. ಆಮೇಲೆ ಬೆನ್ನಿಗೊಂದು ಗುದ್ದಿದಳು. "ಹೆದರಿಸಿ ಸಾಯಿಸಿಬಿಟ್ಟೆಯಲ್ಲೋ!"

"ನಾನೇನು ಮಾಡ್ಲಿ? ನಿಂತೋಯ್ತು. ಹಿಂದಕ್ಕೆ ತಿರುಗಬಾರದು ಅನ್ನೋದೇ ಮೊದಲ್ನೇ ಪಾಠ. ಮುಂದೆ ನೋಡ್ದೆ, ಕೋಸು ಕಾಣಿಸ್ತು. ಮೆತ್ತಗಿರುತ್ತೆ ಅನ್ನಿಸ್ತು."

ಹೊಲದೊಡತಿ ಸೊಂಟಕ್ಕೆ ಕೈಕೊಟ್ಟು ನಿಂತಳು. "ಇಪ್ಪತ್ತು ವರ್ಷದಿಂದ ಮೇಲೆ ಹೋಗ್ತಾ ಕೈ ಬೀಸ್ತಿದ್ರು. ಒಂದಿನ ಇಳಿದು ಬನ್ನಿ ಅಂತ ನಾನೂ ಕೆಳಗಿಂದ ಕೂಗ್ತಿದ್ದೆ. ಬಾಯಿಮಾತಿಗೆ ಕರೆದರೆ ಹೀಗೆ ಬಂದೇಬಿಡೋದೇ?"

ಎಲ್ಲರೂ ನಕ್ಕರು. ಹೆದರಿಕೆ ಇಳಿದ ಮೇಲೆ ಬರುವ ನಗು ಅದು, ಒಮ್ಮೆ ಹಿಡಿದರೆ ಬಿಡುವುದಿಲ್ಲ. ಅತ್ತೆಗೆ ಮಾತು ಪೂರ್ತಿ ಕೇಳಿಸಿರಲಿಲ್ಲ, ಆದರೂ ಮಗನ ತಲೆ ಸವರುತ್ತ ಅವರೂ ನಕ್ಕರು.

ಆ ಗದ್ದಲದಲ್ಲಿ ಕಿವಿಯಕ್ಕ ಮೆಲ್ಲಗೆ ರೆಕ್ಕೆಯ ಅಡಿಗೆ ಹೋದಳು. ಬಗ್ಗಿ ನೋಡಿದಳು. ಉಸಿರುಕೊಳವೆಯ ಬಾಯಿ ತೆರೆದೇ ಇತ್ತು. ಟೇಪು ಇರಲಿಲ್ಲ.

ಒಂದು ಕ್ಷಣ ಅವಳ ಜೀವ ಹಗುರಾಯಿತು. ಹಾಗಾದರೆ ನಾನು ಕಿತ್ತಿದ್ದೆ! ಆದರೆ ಬೆರಳು ಸುಳ್ಳು ಹೇಳಲಿಲ್ಲ. ಬಾಯಿಯ ಸುತ್ತ ಚೌಕಾಕಾರದ ಜಾಗವೊಂದು ಇನ್ನೂ ಅಂಟಂಟಾಗಿತ್ತು. ರೆಕ್ಕೆಯ ಅಡಿಗೆಲ್ಲ ಹೊಲದ ಮಣ್ಣು ಸಿಡಿದಿತ್ತು, ಆ ಚೌಕದಲ್ಲಿ ಮಾತ್ರ ಒಂದು ಹನಿಯೂ ಇರಲಿಲ್ಲ. ವಿಮಾನ ಇಳಿದು ನಿಂತ ಮೇಲೆ ಯಾರೋ ಟೇಪನ್ನು ಕಿತ್ತಿದ್ದರು. ಹೊಲದೊಡತಿಗೆ ಅದು ಟೇಪೆಂದೇ ಗೊತ್ತಿರಲಿಕ್ಕಿಲ್ಲ. ಉಳಿದವನು ಒಬ್ಬನೇ.

ಅವಳು ತಲೆ ಎತ್ತಿದಾಗ ಮೈದುನ ಅವಳನ್ನೇ ನೋಡುತ್ತಿದ್ದ. ತಕ್ಷಣ ಮುಖ ತಿರುಗಿಸಿ ಎಲ್ಲರಿಗೂ ಕೇಳುವಂತೆ ಹೇಳಿದ, "ನಂದೇ ತಪ್ಪು ಅನ್ನಿಸುತ್ತೆ. ಪೆಟ್ರೋಲ್ ಲಿವರ್‌ನ ತಪ್ಪು ಕಡೆ ತಿರುಗಿಸಿರಬೇಕು. ವಯಸ್ಸಾಯ್ತು ನೋಡಿ."

ಊರಿನ ಡಾಕ್ಟರು ಅವನನ್ನು ಹಿಂದೆ ಮುಂದೆ ತಟ್ಟಿ ನೋಡಿ, ಬೆಲ್ಟು ಒತ್ತಿದ ಕಡೆ ಕಂದಿದೆ, ಅಷ್ಟೇ ಎಂದರು. ಮಧ್ಯಾಹ್ನ ಮನೆಗೆ ಬಂದು ಅವನು ಅಡುಗೆಮನೆಯ ಮೇಜಿನ ಮುಂದೆ ಬ್ರೆಡ್ಡನ್ನು ಟೀಯಲ್ಲಿ ಅದ್ದುತ್ತ ಕೂತ. ಕಿವಿಯಕ್ಕ ಎದುರಿನ ಕುರ್ಚಿ ಎಳೆದುಕೊಂಡಳು.

"ಜೇಬು ತೋರಿಸು."

"ಯಾವ ಜೇಬು?"

"ಇರೋ ಜೇಬೆಲ್ಲ."

ಅವನು ಒಂದು ಬಾಚಣಿಗೆ ತೆಗೆದಿಟ್ಟ. ಎರಡು ಸ್ಕ್ರೂ, ಒಂದು ಮುರಿದ ಪೆನ್ಸಿಲ್, ಪುಡಿಯಾದ ಬಿಸ್ಕತ್ತು. "ಮುಗೀತು" ಎಂದ.

"ಎಡಗಡೆ?"

ಎಡಗಡೆಯಿಂದ ಮುದುರಿ ಉಂಡೆಯಾದ ಹಳದಿ ಟೇಪು ಹೊರಬಂತು, ಮೈಗೆಲ್ಲ ಜೇಬಿನ ನಾರು ಅಂಟಿಸಿಕೊಂಡು. ಇಬ್ಬರೂ ಅದನ್ನು ಸತ್ತ ಇಲಿಯ ಹಾಗೆ ನೋಡಿದರು.

"ಯಾಕೋ?"

"ಅತ್ತಿಗೆ, ಕೇಳಿಲ್ಲಿ" ಎಂದ ಅವನು ದನಿ ತಗ್ಗಿಸಿ. "ನಾಳೆ ತನಿಖೆಗೆ ವಿಮಾನ ಇಲಾಖೆ ಇನ್‌ಸ್ಪೆಕ್ಟರ್ ಬರ್ತಾರೆ. ನನ್ನ ಲೈಸೆನ್ಸ್ ಹೋದ್ರೆ ಹಾರಿಸೋಕೆ ನೂರು ಜನ ಸಿಗ್ತಾರೆ. ನಿಮ್ಮದು ಹೋದ್ರೆ ಆ ಎಂಜಿನ್ ಕೇಳೋರು ಯಾರು? ಬೇರೆ ಯಾರೋ ನೋಡಿದ ಎಂಜಿನ್ ಮೇಲೆ ನಾನಂತೂ ಕೂರಲ್ಲ."

"ನಾನು ನೋಡಿದ್ರ ಮೇಲೆ ಕೂತು ಏನಾಯ್ತು ಇವತ್ತು?"

"ಇಪ್ಪತ್ತು ವರ್ಷಕ್ಕೆ ಒಂದ್ಸಲ ತಾನೇ?"

"ಸಾಯೋಕೆ ಒಂದೇ ಸಲ ಸಾಕು ಕಣೋ!" ಎಂದು ಅವಳು ಮೇಜು ಗುದ್ದಿದಳು. ಟೀ ಚೆಲ್ಲಿತು. ಚೆಲ್ಲಿದ ಟೀಯನ್ನು ಒರೆಸುತ್ತ ಒರೆಸುತ್ತ, ಆ ದಿನ ಮೊದಲ ಬಾರಿಗೆ, ಅವಳು ಅತ್ತಳು. ಮೈದುನನಿಗೆ ಏನು ಮಾಡಬೇಕೆಂದು ತೋಚಲಿಲ್ಲ. ತನ್ನ ಬ್ರೆಡ್ಡಿನ ಉಳಿದ ಅರ್ಧವನ್ನು ಅವಳ ಕಡೆ ತಳ್ಳಿದ.

ಅವಳು ಮೂಗು ಒರೆಸಿಕೊಂಡಳು. "ವರದೀಲಿ ನೀನು ಲಿವರ್ ಅಂತ ಬರೆಸಿದ್ರೆ ಓದಿದೋರೆಲ್ಲ ಲಿವರ್ ನೋಡ್ಕೋತಾರೆ. ಟೇಪು ಯಾರೂ ನೋಡಲ್ಲ. ಎಲ್ಲೋ ಇನ್ನೊಬ್ಬಳು ನನ್ನಂಥೋಳು ಮರೀತಾಳೆ, ಅವಳ ಮೈದುನನ ಮುಂದೆ ಕೋಸಿನ ಹೊಲ ಇರಲ್ಲ. ಆಗ?"

ಆದರೂ ಅವನು ಸಂಜೆಯವರೆಗೆ ವಾದಿಸಿದ. ಕೊನೆಗೆ ಅವಳು ಟೇಪನ್ನು ಬಿಡಿಸಿ, ಚಪಾತಿ ಹಿಟ್ಟು ತಟ್ಟುವವಳಂತೆ ಅಂಗೈಯಿಂದ ತಟ್ಟಿ ಚಪ್ಪಟೆ ಮಾಡಿ, ಲಕೋಟೆಯೊಳಗಿಟ್ಟಳು.

ಇನ್‌ಸ್ಪೆಕ್ಟರು ಮರುದಿನ ಹತ್ತು ಗಂಟೆಗೆ ಹೊಲಕ್ಕೇ ಬಂದರು. ತೆಳ್ಳನೆಯ ಮನುಷ್ಯ, ಜೇಬಿನಲ್ಲಿ ಎರಡು ಪೆನ್ನು, ಮೂಗಿಗೆ ಹೊಲದ ಗಾಳಿ ಆಗದು. ಮರದ ಪೆಟ್ಟಿಗೆಯ ಮೇಲೆ ಕೂತು ಫೈಲು ತೆರೆದು ಮೂರು ಸಲ ಸೀನಿದರು. ಮನೆಯ ನಾಲ್ವರೂ ಎದುರು ಸಾಲಾಗಿ ನಿಂತಿದ್ದರು.

"ಹೇಳಿ. ಏನು ತಪ್ಪಾಯ್ತು? ಯಾರಿಂದ?"

"ನನ್ನಿಂದ" ಎಂದರು ಕಿವಿಯಕ್ಕ, ಮೈದುನ ಇಬ್ಬರೂ ಒಟ್ಟಿಗೆ.

ಇನ್‌ಸ್ಪೆಕ್ಟರು ಪೆನ್ನು ಕೆಳಗಿಟ್ಟರು. "ಒಬ್ಬೊಬ್ಬರಾಗಿ."

ಕಿವಿಯಕ್ಕ ಲಕೋಟೆ ಕೊಟ್ಟು, ಕೆಂಪು ಮುಗಿದದ್ದು, ಹಳದಿ ಅಂಟಿಸಿದ್ದು, ಎರಡು ಕಿತ್ತು ಮೂರನೆಯದನ್ನು ಬಿಟ್ಟದ್ದು, ಎಲ್ಲವನ್ನೂ ಹೇಳಿದಳು. ಒಂದು ಮಾತೂ ನುಂಗಲಿಲ್ಲ.

"ಸರ್, ಅದು ಹಾಗಲ್ಲ" ಎಂದು ಮೈದುನ ನುಗ್ಗಿದ. "ಹತ್ತೋ ಮುಂಚೆ ಸುತ್ತು ಹೊಡೆದು ಎಲ್ಲಾ ಮುಟ್ಟಿ ನೋಡ್ಬೇಕಾದೋನು ನಾನು. ಅತ್ತಿಗೆ ನೋಡಿರ್ತಾರೆ ಅಂತ ನಾನು ನೋಡೋದನ್ನ ಬಿಟ್ಟು ಹತ್ತು ವರ್ಷ ಆಯ್ತು. ಟೇಪು ಕಿತ್ತು ಜೇಬಿಗೆ ಹಾಕ್ಕೊಂಡಿದ್ದೂ ನಾನೇ."

ಕಿವಿಯಕ್ಕ ಅವನತ್ತ ತಿರುಗಿದಳು. ಸುತ್ತು ಹೊಡೆಯುವುದನ್ನು ಬಿಟ್ಟಿದ್ದನೆಂದು ಅವಳಿಗೆ ಗೊತ್ತೇ ಇರಲಿಲ್ಲ. "ಹತ್ತು ವರ್ಷ?"

"ಹನ್ನೊಂದು ಇರಬಹುದು."

ಅಷ್ಟರಲ್ಲಿ ತಪ್ಪು ಎಂಬ ಒಂದು ಮಾತು ಅತ್ತೆಯ ಕಿವಿಗೆ ಬಿತ್ತು. ಅವರು ಮುಂದೆ ಬಂದು ಇನ್‌ಸ್ಪೆಕ್ಟರ ತೋಳು ಹಿಡಿದು ಇಡೀ ಹೊಲಕ್ಕೆ ಕೇಳುವಂತೆ ಹೇಳಿದರು. "ನಂದೂ ಬರ್ಕೊಳ್ಳಪ್ಪಾ! ಕೆಲಸದ ಮಧ್ಯೆ ಕರೆದೋಳು ನಾನು! ಬ್ಯಾಟರಿ ಮಧ್ಯಾಹ್ನ ಹಾಕಿದ್ರೂ ಆಗ್ತಿತ್ತು, ರೇಡಿಯೋ ಕೇಳೋ ಆಸೆ!"

ಇನ್‌ಸ್ಪೆಕ್ಟರು ಸುಸ್ತಾಗಿ ಕೊನೆಯಲ್ಲಿ ನಿಂತಿದ್ದ ಗಂಡನ ಕಡೆ ನೋಡಿದರು. "ನಿಮ್ಮದೇನಾದ್ರೂ ಇದೆಯಾ?"

ಗಂಡ ಬಹಳ ಹೊತ್ತು ಯೋಚಿಸಿದ. "ನಂದೇನೂ ಇಲ್ಲ" ಎಂದ.

"ಸದ್ಯ!" ಎಂದು ಇನ್‌ಸ್ಪೆಕ್ಟರು ಸೀನಿದರು.

ಎಲ್ಲ ಬರೆದುಕೊಂಡು ಹೊರಡುವಾಗ ಅವರು ಕಿವಿಯಕ್ಕನೊಬ್ಬಳನ್ನೇ ರಸ್ತೆಯವರೆಗೆ ಕರೆದುಕೊಂಡು ಹೋದರು. "ನೋಡಿಯಮ್ಮ, ಟೇಪು ಅಂಟಿಸಿದ್ದು ತಪ್ಪಲ್ಲ. ಹಳದಿ ಮೇಲೆ ಹಳದಿ ಅಂಟಿಸಿದ್ದು ತಪ್ಪು. ಎಣಿಸದೆ ಹೋಗಿದ್ದು ದೊಡ್ಡ ತಪ್ಪು. ನಾನು ಈ ಕೆಲಸಕ್ಕೆ ಸೇರಿದಾಗಿನಿಂದ ಎಲ್ಲಿ ಹೋದ್ರೂ ಜನ ತಪ್ಪನ್ನ ಬಿಸಿ ಕೆಂಡದ ಹಾಗೆ ಪಕ್ಕದೋರ ಮಡಿಲಿಗೆ ಹಾಕ್ತಾರೆ. ನಿಮ್ಮ ಮನೇಲಿ ಕಿತ್ತಾಡ್ಕೊಂಡು ಹಂಚ್ಕೋತೀರಿ. ನನಗೆ ಬರೆಯೋಕೆ ಕಾಗದ ಸಾಲಲಿಲ್ಲ."

ಶಿಕ್ಷೆ ತಪ್ಪಲಿಲ್ಲ. ಮೂರು ತಿಂಗಳು ಅವಳ ಕೆಲಸಕ್ಕೆ ಇನ್ನೊಬ್ಬ ಮೆಕ್ಯಾನಿಕ್ ಬಂದು ನೋಡಿ ರುಜು ಹಾಕಬೇಕು. ಮೈದುನ ಆರು ವಾರ ಹಾರುವಂತಿಲ್ಲ, ಹಾರುವ ಮುಂಚೆ ಮತ್ತೆ ಪರೀಕ್ಷೆಗೆ ಕೂರಬೇಕು. "ಈ ವಯಸ್ಸಲ್ಲಿ ಹೋಂವರ್ಕು" ಎಂದು ಅವನು ಗೊಣಗುತ್ತ ಅತ್ತಿಗೆಯ ಹಳೆಯ ಪುಸ್ತಕಗಳನ್ನೇ ಎತ್ತಿಕೊಂಡ. ಪ್ರಶ್ನೆ ಕೇಳುವವರು ಅತ್ತೆ. ಉತ್ತರ ಸರಿಯೋ ತಪ್ಪೋ ಅವರಿಗೆ ತಿಳಿಯುತ್ತಿರಲಿಲ್ಲ, ಎಲ್ಲದಕ್ಕೂ "ಭೇಷ್" ಎನ್ನುತ್ತಿದ್ದರು.

ವಿಮಾನವನ್ನು ಹೊಲದಿಂದ ಎತ್ತಲು ಐದು ದಿನ ಹಿಡಿಯಿತು. ಎರಡೂ ರೆಕ್ಕೆ ಕಳಚಬೇಕಿತ್ತು. ಅಷ್ಟರಲ್ಲಿ ಸುದ್ದಿ ಹಬ್ಬಿ ಜನ ನೋಡಲು ಬರತೊಡಗಿದರು. ಹೊಲದೊಡತಿ ಜಾಣೆ. ಹೊಲದ ಬಾಯಲ್ಲಿ ಕುರ್ಚಿ ಹಾಕಿ ಕೂತಳು. "ನೋಡೋಕೆ ಬಂದೋರು ಒಂದು ಸಾಲು ಕಳೆ ಕೀಳ್ಬೇಕು. ಫೋಟೋ ತೆಗೆಯೋರು ಎರಡು ಸಾಲು" ಎಂದು ಕಾನೂನು ಮಾಡಿದಳು. ನಾಲ್ಕನೆಯ ದಿನಕ್ಕೆ ಆ ಸುತ್ತಿನಲ್ಲಿ ಅಷ್ಟು ಚೊಕ್ಕಟವಾದ ಹೊಲ ಇನ್ನೊಂದಿರಲಿಲ್ಲ. ಐದನೆಯ ದಿನ ವಿಮಾನ ಟ್ರೇಲರಿನ ಮೇಲೆ ಹೊರಟಾಗ ಅವಳಿಗೆ ನಿಜವಾಗಿಯೂ ಬೇಜಾರಾಯಿತು. "ಇನ್ನೂ ಬದನೆ ಕಡೆ ಕಳೆ ಉಳಿದಿತ್ತು" ಎಂದಳು.

ಕಿವಿಯಕ್ಕ ಆ ಆರು ವಾರದಲ್ಲಿ ಎಂಜಿನ್ನನ್ನು ಪೂರ್ತಿ ಬಿಚ್ಚಿ ಜೋಡಿಸಿದಳು. ಟೇಪಿನ ಸಹವಾಸವೇ ಬೇಡವೆಂದು ಅಪ್ಪ ಕೊಟ್ಟಿದ್ದ ಹೊಲಿಗೆ ಯಂತ್ರದಲ್ಲಿ ಕೂತು, ಮೂರು ಬಾಯಿಗಳಿಗೂ ದಪ್ಪ ಕೆಂಪು ಬಟ್ಟೆಯ ಟೋಪಿ ಹೊಲಿದಳು. ಒಂದೊಂದಕ್ಕೂ ಮೊಳದುದ್ದದ ಬಾಲ. ಶೆಡ್ಡಿನ ಗೋಡೆಗೆ ಮೂರು ಮೊಳೆ ಹೊಡೆದಳು. ಮೂರು ಮೊಳೆಯಲ್ಲೂ ಟೋಪಿ ತೂಗುವವರೆಗೆ ವಿಮಾನಕ್ಕೆ ಯಾರೂ ಹತ್ತುವಂತಿಲ್ಲ. ಸುದ್ದಿ ಹೇಗೋ ಇನ್‌ಸ್ಪೆಕ್ಟರಿಗೆ ತಲುಪಿ, ತಮ್ಮ ಕಚೇರಿಗೊಂದು ಮಾದರಿ ಕಳಿಸಿ ಎಂದು ಪತ್ರ ಬರೆದರು. ಅವಳು ಎರಡು ಕಳಿಸಿದಳು, ಜೊತೆಗೊಂದು ಕರ್ಚೀಫು.

ಮತ್ತೆ ಹಾರುವ ದಿನ ಮೈದುನ ವಿಮಾನಕ್ಕೆ ಒಂದು ಸುತ್ತು ಹೊಡೆದ, ಸಾಲದೆಂದು ಇನ್ನೊಂದು ಹೊಡೆದ. ಮೊಳೆ, ಕೊಳವೆ, ಗಾಲಿ, ಎಲ್ಲದರ ಹೆಸರನ್ನೂ ಜೋರಾಗಿ ಹೇಳುತ್ತ ಮುಟ್ಟಿದ. ಮೂರನೆಯ ಸುತ್ತಿಗೆ ಹೊರಟಾಗ ಗಂಡ, "ಗೊಬ್ಬರ ಗಟ್ಟಿಯಾಗ್ತಿದೆ" ಎಂದ. ಅದು ಅವನ ಮಟ್ಟಿಗೆ ಭಾಷಣ. ಮೈದುನ ಹತ್ತಿದ.

ವಿಮಾನ ಓಡಿತು, ಏರಿತು, ಮರಗಳನ್ನು ದಾಟಿತು. ಕಿವಿಯಕ್ಕ ಗೊಬ್ಬರದ ಲಾರಿಯ ಕಂಬಿ ಹಿಡಿದು ನಿಂತಿದ್ದಳು. ಕಂಬಿ ನಡುಗುತ್ತಿದೆ ಎಂದುಕೊಂಡಳು, ನೋಡಿದರೆ ಲಾರಿಯ ಎಂಜಿನ್ ಆರಿಸಿತ್ತು, ನಡುಗುತ್ತಿದ್ದದ್ದು ಅವಳೇ. ತನ್ನಷ್ಟಕ್ಕೆ ನಕ್ಕು ಲಾರಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ದೂರದ ಹೊಲಗಳ ಮೇಲೆ ಎಂಜಿನ್ನಿನ ಸದ್ದು ಹೋಗಿ ಬರುತ್ತಿತ್ತು, ಒಂಬತ್ತಕ್ಕೆ ಒಂಬತ್ತೂ ಸರಿಯಾಗಿ. ಕಾಲು ಗಂಟೆಯಲ್ಲಿ ಇಳಿದು ಬಂದ ಮೈದುನ ಕಿಟಕಿಯಿಂದ ತಲೆ ಹೊರಹಾಕಿ ಏನೋ ಹೇಳತೊಡಗಿದ. "ಆಮೇಲೆ ಹೇಳು, ಮೊದಲು ತುಂಬಿಸ್ಕೋ" ಎಂದು ಅವಳು ಕೈ ಬೀಸಿದಳು.

ಎರಡನೆಯ ಸಲ ಏರುವಾಗಲೂ ಅವಳು ಎದ್ದು ನಿಂತು ನೋಡಿದಳು. ಮೂರನೆಯ ಸಲ ಕೂತಲ್ಲಿಂದಲೇ ನೋಡಿದಳು. ನಾಲ್ಕನೆಯ ಸಲ ಗೊಬ್ಬರ ತುಂಬುವ ಪಂಪಿನ ಒಂದು ನಟ್ಟು ಕೈಯಲ್ಲಿತ್ತು, ಅದು ಬಿಗಿಯಾಗುತ್ತಿರಲಿಲ್ಲ. ಅದನ್ನು ಬಯ್ಯುತ್ತ ತಿರುಗಿಸುವ ಭರದಲ್ಲಿ ವಿಮಾನ ಹೋದದ್ದೇ ಅವಳಿಗೆ ಗೊತ್ತಾಗಲಿಲ್ಲ.